ತಾತನ ಜೇಬಿನ ಫ್ರೆಂಚ್ ಅಂಚೆಚೀಟಿ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
14 ಅಕ್ಟೋಬರ್ 2025, ಮಂಗಳವಾರ

ಮುದ್ದಿನ ಲಾಸ್ಯಾ,

ಹೇಗಿದ್ದೀಯ ಕೂಸೇ? ಮೊದಲು ಅದನ್ನು ಹೇಳು. ಪ್ಯಾರಿಸ್ಸಿನಲ್ಲಿ ಚಳಿ ಶುರುವಾಯಿತಂತೆ, ನಿನ್ನ ಅಣ್ಣ ಕುಶಲ್ ಫೋನಿನಲ್ಲಿ ಅಲ್ಲಿಯ ಹವೆ ತೋರಿಸಿದ. ಹೋದ ವರ್ಷದ ಕೆಮ್ಮು ಈ ವರ್ಷವೂ ನಿನ್ನನ್ನು ಹುಡುಕಿಕೊಂಡು ಬಂದರೆ ಮೆಣಸು ಜಜ್ಜಿ ಬೆಲ್ಲದ ಜೊತೆ ಕುದಿಸಿ ಕುಡಿ. ಬೆಲ್ಲ ಸಿಗದಿದ್ದರೆ ಜೇನುತುಪ್ಪ ಹಾಕು. ಪಿಯಾನೋ ನುಡಿಸಿ ನುಡಿಸಿ ಎಡಗೈ ಮಣಿಕಟ್ಟು ನೋಯುತ್ತದೆ ಎಂದಿದ್ದೆಯಲ್ಲ, ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ರೂಮಿನ ಗೆಳತಿ ವಾಸನೆಗೆ ಮೂಗು ಮುರಿದರೆ ಅವಳ ಕೈಗೂ ಸ್ವಲ್ಪ ಹಚ್ಚಿಬಿಡು, ಆಮೇಲೆ ಸುಮ್ಮನಾಗುತ್ತಾಳೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಜಗಳ ತೆಗೆಯುತ್ತದೆ, ಉಳಿದಂತೆ ನಾನು ಗುಂಡುಕಲ್ಲು. ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಒತ್ತಕ್ಷರ ಕಂಡರೆ ನೀನು ಅಳುತ್ತಿದ್ದೆ, ಅದು ನನಗೆ ಮರೆತಿಲ್ಲ. ತಿಳಿಯದ ಸಾಲು ಬಂದರೆ ಗಟ್ಟಿಯಾಗಿ ಓದು. ಕಣ್ಣಿಗೆ ಒಗ್ಗದ ಕನ್ನಡ ನಿನ್ನ ಕಿವಿಗೆ ಒಗ್ಗುತ್ತದೆ.

ಫೋನು ಇರುವಾಗ ಅಜ್ಜಿ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಕಾರಣ ನನ್ನ ಗಂಟಲು ಮಗಳೇ. ಮೈಕು ಇಲ್ಲದ ಕಾಲದಲ್ಲಿ, ತಗಡಿನ ಥಿಯೇಟರಿನ ಕೊನೆಯ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತವನಿಗೂ ನನ್ನ ನಿಟ್ಟುಸಿರು ಕೇಳಬೇಕು ಎಂದು ನನ್ನನ್ನು ಬೆಳೆಸಿದರು. ಪಿಸುಮಾತನ್ನು ಮಾತ್ರ ಯಾರೂ ಕಲಿಸಲಿಲ್ಲ. ಗ್ರೋಸರಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಎಲ್ಲಿದೆ ಎಂದು ಕೇಳಿದರೆ ಪಾರ್ಕಿಂಗಿನಲ್ಲಿದ್ದವರು ತಿರುಗಿ ನೋಡುತ್ತಾರೆ. ಈಗ ನಾನು ನಿನಗೆ ಹೇಳಬೇಕಾದದ್ದು ನಿನ್ನ ಅಮ್ಮನ ಕಿವಿಗೆ ಬೀಳಬಾರದು, ಸದ್ಯಕ್ಕೆ ಬೀಳಬಾರದು. ಊರ್ಮಿಳಾ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದುಕೊಂಡು ಕೂತಿದ್ದಾಳೆ, ನಾನು ಗ್ಯಾರೇಜಿನಲ್ಲಿ ವಾಷಿಂಗ್ ಮಷೀನಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಸಾಗರ್ ಶುಕ್ರವಾರ ಆಫೀಸಿನ ಕೆಲಸಕ್ಕೆ ಪ್ಯಾರಿಸ್ಸಿಗೆ ಹೊರಡುತ್ತಾನೆ, ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಒಂದು ಊಟ ಹಾಕು ಅವನಿಗೆ.

ಈಗ ತಾತನ ವಿಷಯ. ತಲೆಯ ಎಡಭಾಗದಲ್ಲಿ ಗಡ್ಡೆ ಇದೆ ಎನ್ನುವುದು ನಿನಗೆ ಗೊತ್ತು. ಜೂನಿನಲ್ಲಿ ನೀನು ರಜೆಗೆ ಬಂದಿದ್ದಾಗ ಬರೀ ಹೆಸರುಗಳು ತಪ್ಪುತ್ತಿದ್ದವು. ಕುಶಲನನ್ನು ಅಜಯ್ ಎಂದು ಕರೆಯುತ್ತಿದ್ದರು, ನಿಮ್ಮಪ್ಪ ಅಜಯ್ ಎದುರಿಗೆ ಬಂದರೆ ಹೆಸರು ಹಿಡಿಯದೆ ಭುಜ ತಟ್ಟಿ ಸುಧಾರಿಸುತ್ತಿದ್ದರು; ನಾವೆಲ್ಲ ನಗುತ್ತಿದ್ದೆವು. ಈಗ ಹೆಸರಿನ ಹಿಂದೆಯೇ ಉಳಿದ ಮಾತೂ ಹೊರಟುಹೋಗಿದೆ. ಚಮಚ ಬೇಕಾದರೆ ಬಾಯಿ ತೆರೆಯುತ್ತಾರೆ, ಗಾಳಿಯಲ್ಲಿ ಬೆರಳು ಆಡಿಸುತ್ತಾರೆ, ಮಾತು ಹತ್ತಿರ ಬಂದು ನಿಂತಿದ್ದು ಕಣ್ಣಿನಲ್ಲಿ ಕಾಣುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಮಾತು ಮರಳಿ ಕಲಿಸಲು ನಿಸರ್ಗಾ ಎನ್ನುವ ಹುಡುಗಿ ವಾರವಾರ ಬರುತ್ತಾಳೆ, ಹಾಸನದ ಕಡೆಯವಳು, ಗಟ್ಟಿಗಿತ್ತಿ. ತಾತನನ್ನು ಅವಳೂ ಮೇಷ್ಟ್ರು ಎಂದೇ ಕರೆಯುತ್ತಾಳೆ. ಅವಳು ಬಂದ ದಿನವೇ ನನಗೆ ಛೀಮಾರಿ ಬಿತ್ತು. "ಅಮ್ಮಾ, ನಾನು ಕೇಳಿದ್ದು ಮೇಷ್ಟ್ರನ್ನ. ಉತ್ತರ ನೀವ್ಯಾಕೆ ಹೇಳ್ತೀರಿ?" ಎಂದಳು. ಯಾಕೆ ಹೇಳುತ್ತೀನಿ ಎಂದರೆ ಏನೆಂದು ಹೇಳಲಿ? ಮದುವೆಯಾದಾಗಿನಿಂದ ಹೇಳಿಕೊಂಡೇ ಬಂದಿದ್ದೇನೆ.

ನಾಟಕದ ಕಂಪನಿ ಎಂದರೆ ನಿನಗೆ ನಾನು ಹೇಳಿದ ಕಥೆಗಳಷ್ಟೇ ಗೊತ್ತು. ನನ್ನಪ್ಪ ಆ ಕಂಪನಿಯ ಪ್ರಾಂಪ್ಟರು. ಪಕ್ಕದ ಪರದೆಯ ಮರೆಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು, ಪಾತ್ರಧಾರಿ ಮಾತು ಮರೆತರೆ ಮುಂದಿನ ಪದವನ್ನು ಎತ್ತಿಕೊಡುವುದು ಅವರ ಕೆಲಸ. ನಾನು ತೊಟ್ಟಿಲಿನ ಬದಲು ಅವರ ತೊಡೆಯ ಮೇಲೆ ಮಲಗಿ ಬೆಳೆದವಳು. ರಂಗದ ಮೇಲೆ ಖಾಲಿ ಜಾಗ ಬೀಳಬಾರದು, ಬಿದ್ದರೆ ಜನ ಶಿಳ್ಳೆ ಹಾಕುತ್ತಾರೆ, ಆ ರಾತ್ರಿಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಇಷ್ಟು ಪಾಠ ನನಗೆ ಹಾಲಿನ ಜೊತೆ ಹೊಟ್ಟೆಗೆ ಹೋಗಿದೆ. ನಿನ್ನ ತಾತ ಜಯರಾಮ್ ಮೇಷ್ಟ್ರು ಆ ರಂಗದ ಮುಂದೆ, ನೆಲದ ಗುಂಡಿಯಲ್ಲಿ, ಕಾಲಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ ಮುಂದೆ ಕೂತಿರುತ್ತಿದ್ದರು. ನಾನು ಸತ್ತು ಬಿದ್ದ ದೃಶ್ಯಕ್ಕೆ ಜನ ಒನ್ಸ್ ಮೋರ್ ಕೂಗಿದರೆ ತಲೆಯೆತ್ತಿ ನನ್ನತ್ತ ನೋಡಿ ಒಂದು ಸಲ ತಲೆಯಾಡಿಸುತ್ತಿದ್ದರು, ನಾನು ಎದ್ದು ಅದೇ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದೆ. ಅವರ ಮಾತೆಲ್ಲ ಬೆರಳಿನಲ್ಲಿ, ತಲೆಯಾಡಿಸುವುದರಲ್ಲಿ. ಬಾಯಿ ನನ್ನ ಪಾಲಿಗೆ ಬಂತು. ಹೆಣ್ಣು ಕೇಳಲು ಬಂದಾಗಲೂ ನನ್ನಪ್ಪ "ಏನಪ್ಪಾ ಮೇಷ್ಟ್ರೇ, ನಮ್ಮ ಹುಡುಗಿ ಒಪ್ಪಿಗೇನಾ?" ಎಂದರೆ ಇವರು ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಒರೆಸುತ್ತಾ ಕೂತರು. ಒಳಗಿನಿಂದ ನಾನೇ "ಒಪ್ಪಿಗೆಯಂತೆ" ಎಂದೆ. ಕಂಪನಿಯವರು ಆ ಊರಿನ ಕ್ಯಾಂಪು ಮುಗಿಯುವವರೆಗೆ ಅದನ್ನು ಹೇಳಿ ನಕ್ಕರು.

ಆಗಸ್ಟಿನಲ್ಲಿ ನಿನ್ನ ಕವರು ಬಂತು. ಒಳಗೆ ಪುಟ್ಟ ಪ್ಲಾಸ್ಟಿಕ್ ಚೀಲ, ಅದರೊಳಗೆ ಫ್ರಾನ್ಸಿನ ಸ್ಮಾರಕ ಅಂಚೆಚೀಟಿ. ತೆಳು ಮುಖ, ಹಿಂದಕ್ಕೆ ಬಾಚಿದ ಕೂದಲು, ನೆಟ್ಟಗಿನ ಮೂಗು, ಪಕ್ಕದಲ್ಲಿ ರಾವೆಲ್ ಎಂದು ಹೆಸರು. ನಿನ್ನ ಎರಡು ಸಾಲನ್ನು ನಾನೇ ಓದಿ ಹೇಳಿದೆ: ತಾತ, ಪಾರ್ಕಿನಲ್ಲಿ ನಡೀತಾ ಹೇಳಿದೆನಲ್ಲ, ಆ ಮ್ಯೂಸಿಕ್ ಬರೆಯುತ್ತಿದ್ದವರು ಇವರೇ. ತಾತ ಅಂಚೆಚೀಟಿ ಕೂಡಿಸುವವರು, ಅದೂ ಸಂಗೀತಗಾರರದ್ದು ಮಾತ್ರ. ಕಂಪನಿ ಊರೂರು ತಿರುಗುವಾಗ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳದ ಒಳಗೆ ಸಾಲಾಗಿ ಅಂಟಿಸುತ್ತಿದ್ದರು. ಇದನ್ನು ಆಲ್ಬಮ್ಮಿನಲ್ಲಿ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡರು. ಅಂಗಿ ಬದಲಿಸಿದರೆ ಚೀಟಿಯೂ ಹೊಸ ಜೇಬಿಗೆ ಹೋಗುತ್ತದೆ. ದಿನಾ ಅದನ್ನು ತೆಗೆದು ಮೇಜಿನ ಮೇಲೆ ಇಟ್ಟು, ಆ ಮನುಷ್ಯನ ತಲೆಯ ಮೇಲೆ ಹೆಬ್ಬೆರಳು ಒತ್ತಿ, ನಮ್ಮ ಮುಖ ನೋಡಿ, ಏನೋ ಹೇಳಹೊರಡುತ್ತಾರೆ. "ಲಾಸ್ಯಾ ನೆನಪಾದಳಾ?" ಎನ್ನುತ್ತಿದ್ದೆ ನಾನು. ತಲೆಯಾಡಿಸುತ್ತಿದ್ದರು. "ಹಾರ್ಮೋನಿಯಂ ಬೇಕಾ ಅಪ್ಪಾ?" ಎನ್ನುತ್ತಿದ್ದಳು ಊರ್ಮಿಳಾ. ಅದಕ್ಕೂ ತಲೆಯಾಡಿಸುತ್ತಿದ್ದರು. ನಿಮ್ಮಪ್ಪ ಆ ಸಂಗೀತಗಾರನ ರೆಕಾರ್ಡು ಹಾಕಿದ, ಕುಶಲ್ ಆ ಚೀಟಿಯನ್ನು ಗೋಡೆಯಷ್ಟು ದೊಡ್ಡದಾಗಿ ಪ್ರಿಂಟು ಮಾಡಿಸಿ ತಂದ. ತಾತ ಎಲ್ಲದಕ್ಕೂ ತಲೆಯಾಡಿಸಿ, ಚೀಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಕಿಟಕಿಯತ್ತ ತಿರುಗಿ ಕೂರುತ್ತಿದ್ದರು.

ದಸರೆಗೆ ಮುಂಚೆ ಆಪರೇಷನ್ನಿನ ಮಾತು ಬಂತು. ಗಡ್ಡೆ ತೆಗೆದರೆ ಇನ್ನೊಂದಷ್ಟು ಕಾಲ ಸಿಗಬಹುದು, ಮಾತು ಮರಳಿ ಬರಬಹುದು, ಬರದೆಯೂ ಇರಬಹುದು, ತೆಗೆಯದಿದ್ದರೆ ಯುಗಾದಿ ಕಾಣುವುದು ಕಷ್ಟ, ಹೀಗೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಒಳ್ಳೆಯ ಮನುಷ್ಯ, ತಾತನ ಕೈ ಹಿಡಿದುಕೊಂಡೇ ಮಾತಾಡಿದರು. ರೋಗಿಯ ಒಪ್ಪಿಗೆಯನ್ನು ಅವರದೇ ಭಾಷೆಯಲ್ಲಿ ಕೇಳಬೇಕಂತೆ, ಮನೆಯವರು ಕೇಳಿದರೆ ನಡೆಯದಂತೆ. ಅದಕ್ಕೆ ಫೋನಿನಲ್ಲಿ ಯಾರೋ ಒಬ್ಬ ದುಭಾಷಿಯನ್ನು ಕರೆದರು. ಆ ಹೆಣ್ಣುಮಗಳು ಅಪ್ಪಟ ಗ್ರಂಥದ ಕನ್ನಡದಲ್ಲಿ "ತಮಗೆ ಈ ಶಸ್ತ್ರಚಿಕಿತ್ಸೆಯು ಸಮ್ಮತವೇ?" ಎಂದಳು. ಥೇಟು ರಾಣಿಯ ಪಾತ್ರದ ಮಾತು. ತಾತ ನೆಟ್ಟಗೆ ಕೂತು ಒಂದು ಸಲ ತಲೆಯಾಡಿಸಿದರು, ಒನ್ಸ್ ಮೋರ್ ಆದಾಗ ನನ್ನತ್ತ ಆಡಿಸುತ್ತಿದ್ದ ಹಾಗೆ. ಆಮೇಲೆ ಜೇಬಿಗೆ ಕೈ ಹಾಕಿ ಚೀಟಿ ತೆಗೆದರು. ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು, ಫೋನಿನವಳೂ ಸುಮ್ಮನಾದಳು. ಆ ಖಾಲಿ ಜಾಗವನ್ನು ನನ್ನ ಕೈಯಲ್ಲಿ ತಡೆಯಲಾಗಲಿಲ್ಲ ಲಾಸ್ಯಾ. "ಆಗಲಿ ಅಂತಾರೆ, ಮೊಮ್ಮಗಳನ್ನ ನೆನೆಸ್ಕೋತಾ ಇದ್ದಾರೆ" ಎಂದುಬಿಟ್ಟೆ. ಊರ್ಮಿಳಾ ನನ್ನ ಭುಜ ಹಿಡಿದು ಅತ್ತಳು, ಡಾಕ್ಟರು ದಿನ ಗೊತ್ತುಮಾಡಿದರು. ದೀಪಾವಳಿ ಕಳೆದ ಮೇಲಿನ ಸೋಮವಾರ.

ಮೊನ್ನೆ ಶುಕ್ರವಾರ ಮಧ್ಯಾಹ್ನ ನಿಸರ್ಗಾ ಬಂದು ಹೋಗುವಾಗ ನನಗೆ ಒಂದು ಕೆಲಸ ಕೊಟ್ಟಳು. "ಅಮ್ಮಾ, ಇವತ್ತೊಂದಿನ ಮೇಷ್ಟ್ರು ಬಾಯಿ ತೆಗೆದಾಗ ನೀವು ಬಾಯಿ ಮುಚ್ಕೊಂಡು ಕೂತ್ಕೋಬೇಕು. ಏನೇ ಆಗ್ಲಿ. ಇದು ಪಾತ್ರ ಅಂದ್ಕೊಳ್ಳಿ" ಎಂದಳು. ಕಿಲಾಡಿ, ನನ್ನನ್ನು ಎಲ್ಲಿ ಹಿಡಿಯಬೇಕೆಂದು ಗೊತ್ತು ಅವಳಿಗೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅನ್ನ ಸಾರು ಉಂಡಾಯಿತು. ತಾತ ಚೀಟಿ ತೆಗೆದು ಮೇಜಿನ ಮೇಲಿಟ್ಟರು, ಹೆಬ್ಬೆರಳು ಒತ್ತಿದರು, ನನ್ನನ್ನು ನೋಡಿದರು. ನಿನ್ನ ಹೆಸರು ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡೆ. ಹೊರಗೆ ಯಾರದೋ ಅಂಗಳದಲ್ಲಿ ಎಲೆ ಊದುವ ಮಷೀನು ಅರಚುತ್ತಿತ್ತು, ಅದೂ ನಿಂತಿತು. ಫ್ರಿಜ್ಜು ಗುಂಯ್‌ಗುಟ್ಟಿ ನಿಂತಿತು. ತಾತನ ತುಟಿ ಅಲುಗುತ್ತಿತ್ತು, ಹಣೆಯಲ್ಲಿ ಬೆವರು. ನಾನು ನೂರಾರು ನಾಟಕಗಳಲ್ಲಿ ಅತ್ತಿದ್ದೇನೆ, ಸತ್ತಿದ್ದೇನೆ, ಬೆಂಕಿಗೆ ಹಾರಿದ್ದೇನೆ. ಸುಮ್ಮನೆ ಕೂರುವ ಪಾತ್ರ ಇಷ್ಟು ಕಷ್ಟದ್ದೆಂದು ಗೊತ್ತಿರಲಿಲ್ಲ. ತಾತ ಹೆಬ್ಬೆರಳನ್ನು ಚೀಟಿಯಿಂದ ಎತ್ತಿ ತಮ್ಮ ತಲೆಯ ಮೇಲೆ, ಎಡಗಿವಿಯ ಮೇಲುಗಡೆ, ಉದ್ದಕ್ಕೆ ಗೀರಿಕೊಂಡರು. ಮತ್ತೆ ಚೀಟಿಯ ತಲೆಯ ಮೇಲೆ ಗೀರಿದರು. "ಇವನ್ಗೂ" ಎಂದರು. ಇನ್ನಷ್ಟು ಹೊತ್ತು. "ಕೊಯ್ದ್ರು" ಎಂದರು. ನಾನು ಸೆರಗನ್ನು ಇನ್ನೂ ಒಳಗೆ ತುರುಕಿಕೊಂಡೆ. "ಏಳ್ಲಿಲ್ಲ" ಎಂದರು. ಆಮೇಲೆ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡು, ಎಂದಿನ ಹಾಗೆ ನನ್ನ ಹೆಸರು ಹಿಡಿದು, ಏನೂ ಆಗಿಲ್ಲ ಎನ್ನುವ ಹಾಗೆ, "ತಾಯಮ್ಮಾ, ಬ್ಯಾಡ" ಎಂದರು.

ಸಂಜೆ ಕುಶಲ್ ಎಮರಿವಿಲ್ಲಿನ ಕೆಲಸ ಮುಗಿಸಿ ಬಂದವನು ಇನ್ನೂ ಶೂ ಬಿಚ್ಚಿರಲಿಲ್ಲ, ಈ ರಾವೆಲ್ ಎನ್ನುವವನು ಹೇಗೆ ಸತ್ತ ನೋಡೋ ಎಂದೆ. ಫೋನಿನಲ್ಲಿ ಹುಡುಕಿ ಓದಿದ. ಓದುತ್ತಾ ಓದುತ್ತಾ ದನಿ ತಗ್ಗಿತು. ಆ ಮಹಾನುಭಾವನಿಗೂ ಕೊನೆಗಾಲದಲ್ಲಿ ಮಾತು ತಪ್ಪಿತಂತೆ, ತಲೆಯೊಳಗೆ ಸಂಗೀತ ತುಂಬಿಕೊಂಡಿದ್ದರೂ ಹಾಳೆಯ ಮೇಲೆ ಇಳಿಸಲಾಗಲಿಲ್ಲವಂತೆ, ಕೊನೆಗೆ ತಲೆ ತೆರೆದು ಆಪರೇಷನ್ ಮಾಡಿದರಂತೆ. "ಹಿ ವೋಕ್ ಅಪ್, ಅಜ್ಜಿ. ನನ್ನ ತಮ್ಮ ಎಲ್ಲಿ ಅಂತ ಕೇಳಿದ್ರಂತೆ. ದೆನ್, ಮತ್ತೆ ಏಳ್ಲೇ ಇಲ್ವಂತೆ" ಎಂದು ಅಷ್ಟಕ್ಕೇ ನಿಲ್ಲಿಸಿ ಅವನು ತಾತನ ಪಕ್ಕ ಹೋಗಿ ಕೂತ, ಶೂ ಹಾಕಿಕೊಂಡೇ. ನಾವು ಅಷ್ಟು ದಿನವೂ ಆ ಚೀಟಿಯಲ್ಲಿ ಸಂಗೀತ ಕಂಡೆವು, ನಿನ್ನನ್ನು ಕಂಡೆವು. ತಾತ ತೋರಿಸುತ್ತಿದ್ದದ್ದು ತಮ್ಮಂತೆಯೇ ಮಾತು ಕಳೆದುಕೊಂಡ ಒಬ್ಬ ಮನುಷ್ಯನನ್ನು.

ನಿನ್ನ ಅಮ್ಮ ಬಂದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಬಂದು, ಮನೆಯ ಮುಂದೆ ಕಾರಿನಲ್ಲೇ ಒಂದಷ್ಟು ಹೊತ್ತು ಕೂತಿದ್ದು ಒಳಗೆ ಬರುತ್ತಾಳೆ ಈಗೀಗ. ಕಣ್ಣು ಒರೆಸಿಕೊಳ್ಳುವುದನ್ನು ಕಿಟಕಿಯಿಂದ ನಾನು ನೋಡಿದ್ದೇನೆ, ಅದು ಅವಳಿಗೆ ಗೊತ್ತಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ನನ್ನ ದನಿ ನಿನಗೆ ಗೊತ್ತಲ್ಲ, ಹೇಳುತ್ತಾ ಹೇಳುತ್ತಾ ಅದು ತಾನೇ ಏರಿತು, ಕೈ ತಾನೇ ಎದ್ದಿತು, ತಾತನ "ಬ್ಯಾಡ" ನನ್ನ ಬಾಯಲ್ಲಿ ಥಿಯೇಟರು ತುಂಬುವಷ್ಟಾಯಿತು. ಊರ್ಮಿಳಾ ಕೇಳಿಸಿಕೊಂಡು, ಬ್ಯಾಗನ್ನು ಕೆಳಗಿಡದೆ, "ಅವ್ವಾ, ಇದನ್ನೂ ನಾಟಕ ಮಾಡ್ಬೇಡ" ಎಂದಳು. ನಾನು ಆಣೆ ಮಾಡಿದೆ. "ಅಪ್ಪನ ಮಾತೆಲ್ಲ ಮೊದಲಿನಿಂದ್ಲೂ ನೀನೇ ಆಡಿದ್ದೀಯ. ಆಸ್ಪತ್ರೆಲಿ ಆಗ್ಲಿ ಅಂತಾರೆ ಅಂದೋಳೂ ನೀನೇ, ಈಗ ಬೇಡ ಅಂತಾರೆ ಅನ್ನೋಳೂ ನೀನೇ. ನಾನು ಯಾವ್ದನ್ನ ನಂಬ್ಲಿ ಹೇಳು" ಎಂದಳು. ಅವಳು ತಾತನ ಮುಂದೆ ಮಂಡಿಯೂರಿ ಕೂತು "ಅಪ್ಪಾ, ಆಪರೇಷನ್ ಬೇಡ್ವಾ?" ಎಂದಳು. ತಾತ ತಲೆಯಾಡಿಸಿದರು. "ಅಪ್ಪಾ, ಆಪರೇಷನ್ ಬೇಕಾ?" ಎಂದಳು. ಅದಕ್ಕೂ ತಲೆಯಾಡಿಸಿ, ಅವಳ ಕೆನ್ನೆ ಸವರಿದರು. ಅವಳು ನನ್ನ ಕಡೆ ತಿರುಗಿ "ನೋಡಿದ್ಯಾ?" ಎಂದು ಮೆಟ್ಟಿಲು ಹತ್ತಿ ಹೋದಳು. ಅಂದಿನಿಂದ ನಮ್ಮಿಬ್ಬರ ನಡುವೆ ಉಪ್ಪು ಕೊಡು, ಲೈಟು ಆರಿಸು, ಅಷ್ಟೇ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಅಪ್ಪನನ್ನು ಉಳಿಸಿಕೊಳ್ಳಬೇಕೆನ್ನುವ ಮಗಳು ಬೇರೇನು ಮಾಡುತ್ತಾಳೆ? ಆ "ಬ್ಯಾಡ" ಕೇಳಿದ್ದು ನಾನೊಬ್ಬಳೇ, ಈ ಮನೆಯಲ್ಲಿ ಯಾರೂ ನಂಬಲಾರದ ಸಾಕ್ಷಿ.

ಆದ್ದರಿಂದ ಮಗಳೇ, ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಜೂನಿನಲ್ಲಿ ನೀನೂ ತಾತನೂ ಪಾರ್ಕಿನಲ್ಲಿ ಲೇಕ್ ಎಲಿಜಬೆತ್ ಕೆರೆಯ ಸುತ್ತ ನಡೆಯುತ್ತಿದ್ದಿರಿ, ನಾನು ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಬಾತುಕೋಳಿಗಳನ್ನು ಬೈಯುತ್ತಾ ಕೂತಿರುತ್ತಿದ್ದೆ. ಆಗ ಈ ರಾವೆಲನ ಕಥೆ ಹೇಳಿದೆಯಲ್ಲ, ಎಲ್ಲಿಯವರೆಗೆ ಹೇಳಿದೆ? ಮಾತು ಹೋದರೂ ಅವನೊಳಗೆ ಸಂಗೀತ ಉಳಿದಿತ್ತು ಎನ್ನುವಲ್ಲಿಗೆ, ತಾತನಿಗೆ ಸಮಾಧಾನವಾಗಲಿ ಎಂದು, ನಿಲ್ಲಿಸಿದೆಯಾ? ಅಥವಾ ಆಪರೇಷನ್ನಿನ ತನಕ, ಆಮೇಲಿನ ತನಕ ಹೇಳಿದೆಯಾ? ಕೊನೆಯವರೆಗೆ ಹೇಳಿದ್ದರೆ ತಾತನಿಗೆ ಅದು ಗೊತ್ತಿತ್ತು, ಆ "ಬ್ಯಾಡ" ಅವರದೇ. ಹೇಳಿರದಿದ್ದರೆ, ನನ್ನ ಕಿವಿಯೇ ನನಗೆ ಮೋಸ ಮಾಡಿತೋ ಏನೋ, ನಾನು ಸುಮ್ಮನಿರುತ್ತೇನೆ. ಕುಶಲ್ ಈಗಲೇ ನಿನಗೆ ಮೆಸೇಜು ಹಾಕುತ್ತೇನೆ ಎಂದ, ನಾನೇ ಬೇಡವೆಂದೆ. ಫೋನಿನಲ್ಲಾದರೆ ನೀನು ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿಬಿಡುತ್ತೀಯ. ಈ ಮನೆಗೆ ತಲೆಯಾಡಿಸಿದ್ದೇ ಸಾಕಾಗಿದೆ. ಕೂತು, ಆ ದಾರಿಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ನಡೆದು, ನೆನಪು ಮಾಡಿಕೊಂಡು ನಿನ್ನ ಅಮ್ಮನಿಗೆ ಫೋನು ಮಾಡು. ನನಗಲ್ಲ, ಅವಳಿಗೆ. ನಾನು ಆಗ ಹೊರಗೆ ಅಂಗಳದಲ್ಲಿ ಇರುತ್ತೇನೆ, ನನ್ನ ಉಸಿರೂ ಅವಳಿಗೆ ಕೇಳಬಾರದು. ಆಪರೇಷನ್ನಿನ ಸೋಮವಾರಕ್ಕೆ ಮುಂಚೆ ಮಾಡು.

ತಾತ ಈಗ ಸೋಫಾದ ಮೇಲೆ ನಿದ್ದೆ ಹೋಗಿದ್ದಾರೆ. ಬೆರಳುಗಳು ತೊಡೆಯ ಮೇಲೆ ಆಡುತ್ತಿವೆ, ಯಾವ ಹಾಡೆಂದು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ನಿನ್ನ ಕೈಗಳು ನೋವಿಲ್ಲದೆ ನುಡಿಸಲಿ, ನಿನ್ನ ಅನ್ನ ಬಿಸಿಯಾಗಿರಲಿ, ಹೋದಲ್ಲೆಲ್ಲ ನಿನ್ನ ಮಾತನ್ನು ಪೂರ್ತಿಯಾಗಿ ಕೇಳುವವರು ಸಿಗಲಿ. ರೂಮಿನ ಗೆಳತಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಜ್ಜಿ
ಮರಿತಾಯಮ್ಮ

ಮರೆತ ಮಾತು: ಕಾಗದ ಒಯ್ಯಲು ಸಾಗರ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನನಗಾಗಿ ಹೂಂ ಅನ್ನಬೇಡ ಲಾಸ್ಯಾ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಹೇಳು. ಅಜ್ಜಿಗೆ ಆಪರೇಷನ್ ಇಷ್ಟವಿಲ್ಲ, ಅದಕ್ಕೇ ಹೀಗೆ ಕಟ್ಟಿದಳು ಎಂದು ನಿನ್ನ ಅಮ್ಮ ತಿಳಿದಿದ್ದಾಳೆ. ನನಗೆ ಆಪರೇಷನ್ ಆಗಬೇಕು. ಮಾತಾಡದಿದ್ದರೂ ಸರಿ, ನನ್ನ ಗುರುತು ಹಿಡಿಯದಿದ್ದರೂ ಸರಿ, ಆ ಸೋಫಾದ ಮೇಲೆ ಅವರು ನನಗೆ ಬೇಕು. ಇದನ್ನು ನಾನು ಯಾರಿಗೂ ಹೇಳಿಲ್ಲ. ನಾನೇ ಅವರ ಬಾಯಿಗೆ ಮಾತು ಎತ್ತಿಕೊಡುವುದಾಗಿದ್ದರೆ "ಬ್ಯಾಡ" ಎಂದು ಕೊಡುತ್ತಿದ್ದೆನೇ ಕೂಸೇ? "ಇರ್ತೀನಿ ಕಣೇ ತಾಯಮ್ಮಾ" ಎಂದು ಕೊಡುತ್ತಿದ್ದೆ.